ನಲವತ್ತೇಳು ಗಜದ ಕಿಕ್

ಗಿರಿಜಾದೇವಿ ಎಂದಿನಂತೆ ಕಾರಿನ ಮೂತಿಯನ್ನು ಗೇಟಿನ ಕಡೆ ತಿರುಗಿಸಿಯೇ ನಿಲ್ಲಿಸಿದಳು. ಶಾಲೆಯ ಪಾರ್ಕಿಂಗ್ ಲಾಟಿನಲ್ಲಿ ಮಿಕ್ಕವರ ಕಾರುಗಳೆಲ್ಲ ಮೈದಾನಕ್ಕೆ ಮುಖ ಮಾಡಿ ನಿಂತಿದ್ದರೆ ಅವಳದೊಂದು ಮಾತ್ರ ಆಟಕ್ಕೆ ಬೆನ್ನು ತೋರಿಸಿಕೊಂಡು ನಿಲ್ಲುತ್ತಿತ್ತು. ಎರಡು ವರ್ಷದಿಂದ ಇದೇ ಕಥೆ. ಮಗಳ ಪಂದ್ಯವಿದ್ದ ಶನಿವಾರ ಒಂದನ್ನೂ ತಪ್ಪಿಸಿದವಳಲ್ಲ, ಹಾಗಂತ ಒಳಗೆ ಬಂದು ಕೂತವಳೂ ಅಲ್ಲ. ಕಿಟಕಿಯನ್ನು ನಾಲ್ಕು ಬೆರಳಷ್ಟು ಇಳಿಸಿ, ಎಂಜಿನ್ ಆರಿಸದೆ, ಮಡಿಲಲ್ಲಿ ಒಂದು ಹಳದಿ ಫೈಲು ಇಟ್ಟುಕೊಂಡು ಎರಡೂವರೆ ಗಂಟೆ ಕೂತಿರುತ್ತಿದ್ದಳು.

"ಇವತ್ತರ ಒಳಗ ಬಾ. ಇದೊಂದು, ಮುಂದಿನ ವಾರದ್ದೊಂದು ಆದ್ರ ಸೀಸನ್ ಮುಗೀತು," ಅಂದ ಅವಳ ಗಂಡ ಅಡಿವೆಪ್ಪ, ಸೀಟ್ ಬೆಲ್ಟ್ ಬಿಚ್ಚುತ್ತ.

"ನೀವ್ ಹೋಗ್ರಿ. ನಂಗ ಇಲ್ಲೇ ಛಲೋ ಐತಿ."

"ಆಕೀನ ಯಾರೂ ಮುಟ್ಟಂಗಿಲ್ಲ ಗಿರಿಜಾ. ರೂಲ್ ಐತಿ. ಆ ಪುಟದ ಫೋಟೋ ನಿಂಗ ಕಳಿಸಿಲ್ಲೇನು ನಾ?"

"ಕಳಿಸೀರಿ," ಅಂದಳು ಗಿರಿಜಾ. ಮಡಿಲಿನ ಫೈಲನ್ನು ಸರಿಮಾಡಿಕೊಂಡಳು.

ಅಡಿವೆಪ್ಪ ನಗುತ್ತ ಇಳಿದ. ಹೆಂಡತಿಯ ಪುಕ್ಕಲುತನ ಅವನಿಗೆ ಒಂದು ಬಗೆಯ ಹೆಮ್ಮೆಯ ವಿಷಯವೇ ಆಗಿತ್ತು. ಅಮೆರಿಕದ ಕನ್ನಡಿಗರು ಸೇರುವ ಫ್ಲಶಿಂಗ್ ಗಣಪತಿ ಗುಡಿಯ ಕ್ಯಾಂಟೀನಿನಲ್ಲಿ ದೋಸೆಗೆ ಸಾಲು ನಿಂತಾಗಲೂ ಪರಿಚಯದವರು ಸಿಕ್ಕರೆ ಸಾಕು, "ನಮ್ಮಾಕಿ ಭಾಳ ಪುಕ್ಕಲ್ರಿ, ಮಗಳ ಆಟ ನೋಡಾಕ ಧೈರ್ಯಿಲ್ಲ, ಕಾರಿನ್ಯಾಗ ಕುಂತಿರ್ತಾಳ" ಅಂತ ಶುರು ಮಾಡುವನು. ಹಾಗೆ ಹೇಳುವಾಗ ತನ್ನ ಎದೆ ಎರಡು ಇಂಚು ಅಗಲವಾಗುವುದು ಅವನಿಗೇ ಗೊತ್ತಿರಲಿಲ್ಲ, ಕೇಳುವವರಿಗೆ ಗೊತ್ತಾಗುತ್ತಿತ್ತು.

ಹೆದರುವುದಕ್ಕೆ ಕಾರಣವೇನೂ ಇಲ್ಲದಿರಲಿಲ್ಲ. ಮಗಳು ಅಕ್ಷಯಾಗೆ ಹುಟ್ಟಿನಿಂದ ಒಂದೇ ಕಿಡ್ನಿ. ಬಲಗಡೆಯದು ಇದೆ, ಎಡಗಡೆಯದು ಬೆಳೆದೇ ಇಲ್ಲ. ಒಂದರಲ್ಲೇ ಮನುಷ್ಯ ನೂರು ವರ್ಷ ಬಾಳಬಹುದು, ಅದಕ್ಕೆ ಪೆಟ್ಟು ಬೀಳಬಾರದು ಅಷ್ಟೆ. ಪೆಟ್ಟು ಬಿದ್ದರೆ ಏನಾಗುತ್ತದೆ ಎಂಬುದನ್ನು ಗಿರಿಜಾಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳು ಕೆಲಸ ಮಾಡುವುದೇ ಡಯಾಲಿಸಿಸ್ ಸೆಂಟರಿನಲ್ಲಿ, ನರ್ಸ್ ಆಗಿ. ವಾರಕ್ಕೆ ಮೂರು ದಿನ ಬಂದು, ನಾಲ್ಕು ನಾಲ್ಕು ತಾಸು ಕುರ್ಚಿಗೆ ಒರಗಿ, ತಮ್ಮ ರಕ್ತ ಕೊಳವೆಯಲ್ಲಿ ಹೊರಗೆ ಹೋಗಿ ಒಳಗೆ ಬರುವುದನ್ನು ನೋಡುತ್ತ ಕೂರುವವರ ನಡುವೆಯೇ ಅವಳ ದಿನ ಕಳೆಯುತ್ತಿತ್ತು.

ಅಂಥ ಹುಡುಗಿ, ಮೈಮೇಲೆ ಬಿದ್ದು ಕೆಡವುವ ಅಮೆರಿಕನ್ ಫುಟ್‌ಬಾಲಿಗೆ ಹೋಗಿದ್ದಾದರೂ ಹೇಗೆ ಎಂದರೆ, ಅವಳ ಕಾಲಿನಿಂದ. ಸಾಕರ್, ಅಂದರೆ ನಮ್ಮಲ್ಲಿಯ ಮಾಮೂಲಿ ಫುಟ್‌ಬಾಲು, ಆಡುತ್ತಿದ್ದವಳ ಒದೆಯನ್ನು ಕೋಚ್ ರಿನಾಲ್ಡಿ ಒಂದು ದಿನ ಬೇಲಿಯ ಆಚೆಯಿಂದ ನೋಡಿದರು. ಮರುದಿನವೇ ಮನೆಗೆ ಫೋನು. ಫುಟ್‌ಬಾಲ್ ತಂಡಕ್ಕೆ ಕಂಬಗಳ ನಡುವೆ ಚೆಂಡು ಒದೆಯುವವರೊಬ್ಬರು ಬೇಕು, ಒದ್ದು ಬಂದು ಬೆಂಚಿನಲ್ಲಿ ಕೂತರೆ ಆಯಿತು, ಬೇರೇನೂ ಮಾಡಬೇಕಿಲ್ಲ. ಡಾಕ್ಟರು ತಿಂಗಳುಗಟ್ಟಲೆ ಯೋಚಿಸಿ ಒಂದು ಪತ್ರ ಬರೆದುಕೊಟ್ಟರು. ಪಕ್ಕೆಗೆ ಗಟ್ಟಿ ಪ್ಯಾಡಿನ ಕವಚ ತೊಡಬೇಕು. ಕಂಬಗಳ ನಡುವಿನ ಒದೆ, ಅಂದರೆ ಫೀಲ್ಡ್ ಗೋಲ್, ಒದೆಯಬಹುದು, ಯಾಕೆಂದರೆ ಆಗ ಮುಂದೆ ತನ್ನ ತಂಡದ ಭಾರಿ ಹುಡುಗರು ಗೋಡೆ ಕಟ್ಟಿ ನಿಂತಿರುತ್ತಾರೆ. ಆಟ ಶುರು ಮಾಡುವ ಕಿಕ್‌ಆಫ್ ಮಾತ್ರ ಕೂಡದು, ಯಾಕೆಂದರೆ ಅಲ್ಲಿ ಬಯಲಲ್ಲಿ ನಿಂತು ಒದೆಯಬೇಕು, ಚೆಂಡು ಹಿಡಿದವನು ಇವಳ ಮೇಲೇ ಓಡಿ ಬರಬಹುದು.

ಅಡಿವೆಪ್ಪ ಆ ಪತ್ರ ಸಾಲದೆಂದು ಆಟದ ನಿಯಮಗಳ ಪುಸ್ತಕವನ್ನೇ ತರಿಸಿದ. ಪಾರ್ಸಿಪನಿಯ ಒಂದು ಇನ್ಶೂರೆನ್ಸ್ ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟ್ ಮಾಡುವುದು ಅವನ ಉದ್ಯೋಗ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿಯೇ ಹದಿನೆಂಟು ವರ್ಷ ಅನ್ನ ತಿಂದವನು. ಹಳದಿ ಮಾರ್ಕರ್ ಹಿಡಿದು ಅಡುಗೆಮನೆಯ ಮೇಜಿನಲ್ಲಿ ಕೂತು ಪುಸ್ತಕವನ್ನು ಅರೆದು ಕುಡಿದ. ಒದೆಯುವವರನ್ನು ಎದುರಾಳಿಗಳು ಮುಟ್ಟಕೂಡದು ಎಂಬ ಸಾಲು ಒಂದು ಪುಟದ ಕೊನೆಯಲ್ಲಿ ಸಿಕ್ಕಿತು. ಹಳದಿ ಬಳಿದ, ಫೋಟೋ ತೆಗೆದ, ಹೆಂಡತಿಗೆ ಕಳಿಸಿದ, ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದ. ಕೆಲಸ ಮುಗಿಯಿತು.

ಆಮೇಲಿನ ಎರಡು ವರ್ಷ ಮನೆಯಲ್ಲಿ ಹೆಚ್ಚೇನೂ ಬದಲಾಗಲಿಲ್ಲ. ಬುಧವಾರ ಸಂಜೆ ಮಾತ್ರ ತಾಯಿ ಮಗಳು ಬೇಸ್‌ಮೆಂಟಿಗೆ ಇಳಿದು ಎಂಥದೋ ಎಕ್ಸರ್‌ಸೈಜು ಮಾಡುತ್ತಿದ್ದರು. ದೊಪ್ಪ ದೊಪ್ಪ ಅಂತ ಸದ್ದು ಬಂದರೆ ಮೇಲಿನಿಂದ ಅಡಿವೆಪ್ಪ, "ಮೀಟಿಂಗ್‌ನ್ಯಾಗ ಅದೀನಿ, ಸಪ್ಪಳ ಕಡಿಮಿ ಮಾಡ್ರಿ!" ಅಂತ ಕೂಗುತ್ತಿದ್ದ.

ಪುಸ್ತಕ ಓದುವಾಗ ಅವನಿಗೆ ಇನ್ನೊಂದು ವಿಚಿತ್ರ ಸಿಕ್ಕಿತ್ತು. ಫುಟ್‌ಬಾಲಿನಲ್ಲಿ ಒಂದು ತಂಡ ಚೆಂಡನ್ನು ಮೇಲಕ್ಕೆ ಒದ್ದು ಎದುರಾಳಿಗೆ ಒಪ್ಪಿಸುವುದುಂಟು. ಅದನ್ನು ಹಿಡಿಯುವವನು ಕೈ ಎತ್ತಿ ಬೀಸಿದನೆಂದರೆ, ನಾನು ಓಡುವುದಿಲ್ಲ, ನನ್ನನ್ನು ಕೆಡವಬೇಡಿ ಎಂದು ಅರ್ಥ. ಅದಕ್ಕೆ ಫೇರ್ ಕ್ಯಾಚ್ ಅನ್ನುತ್ತಾರೆ. ಹಾಗೆ ಹಿಡಿದ ಮೇಲೆ ಎಲ್ಲರೂ ಅಲ್ಲಿಂದ ಮಾಮೂಲಿ ಆಟ ಮುಂದುವರಿಸುತ್ತಾರೆ. ಆದರೆ ಅಜ್ಜನ ಕಾಲದ ನಿಯಮವೊಂದು ಪುಸ್ತಕದ ಮೂಲೆಯಲ್ಲಿ ಉಳಿದುಕೊಂಡಿದೆ. ಹಿಡಿದ ಜಾಗದಲ್ಲೇ ಚೆಂಡನ್ನು ನೆಲಕ್ಕೆ ನಿಲ್ಲಿಸಿ ನೇರ ಕಂಬಗಳಿಗೆ ಒದೆಯಬಹುದು. ಎದುರಾಳಿಗಳು ಹತ್ತು ಗಜ ದೂರ ನಿಲ್ಲಬೇಕು, ಒದೆಯುವ ತನಕ ಯಾರೂ ನುಗ್ಗುವಂತಿಲ್ಲ. ಕಂಬಗಳ ನಡುವೆ ಹೋದರೆ ಮೂರು ಪಾಯಿಂಟ್. ಇಡೀ ಜೀವಮಾನ ಫುಟ್‌ಬಾಲ್ ನೋಡಿದವರೂ ಇದನ್ನೊಮ್ಮೆ ಕಣ್ಣಾರೆ ಕಂಡಿರುವುದಿಲ್ಲ.

ಅಡಿವೆಪ್ಪನಿಗೆ ನಿಧಿ ಸಿಕ್ಕಷ್ಟು ಖುಷಿಯಾಯಿತು. ಯಾರೂ ಮುಟ್ಟದ ಒದೆ ಎಂದರೆ ತನ್ನ ಮಗಳಿಗೆಂದೇ ಮಾಡಿಸಿದಂತಿದೆಯಲ್ಲ! ಕೋಚ್ ರಿನಾಲ್ಡಿಗೆ ಎರಡು ಪುಟದ ಈಮೇಲ್ ಬರೆದ. ಕೋಚ್ ಬೆನ್ನು ತಟ್ಟಿದರು. ಅಷ್ಟೇ ಅಲ್ಲ, ಇಷ್ಟು ನಿಯಮ ತಿಳಿದವರು ಸುಮ್ಮನೆ ಗ್ಯಾಲರಿಯಲ್ಲಿ ಕೂರಬಾರದೆಂದು ಅವನನ್ನು ಚೈನ್ ಕ್ರೂಗೆ ಸೇರಿಸಿದರು. ಮೈದಾನದ ಅಂಚಿನಲ್ಲಿ ಗಜ ಅಳೆಯುವ ಸರಪಳಿ, ಕೋಲು ಹಿಡಿದು ನಿಲ್ಲುವ ಮೂರು ನಾಲ್ಕು ಜನ ಪೋಷಕರ ಗುಂಪದು. ಸಂಬಳವಿಲ್ಲ, ಕಿತ್ತಳೆ ಬಣ್ಣದ ಒಂದು ಅಂಗಿ ಕೊಡುತ್ತಾರೆ. ಅವರು ನಿಲ್ಲುವುದು ಎದುರಾಳಿ ತಂಡದ ಬೆಂಚಿನ ಕಡೆ. ಕೋಲು ಹಿಡಿದವರು ಚಪ್ಪಾಳೆ ತಟ್ಟುವಂತಿಲ್ಲ, ಕೂಗುವಂತಿಲ್ಲ, ಯಾವ ತಂಡಕ್ಕೂ ಒಂದು ಮಾತು ಹೇಳುವಂತಿಲ್ಲ. ಅಡಿವೆಪ್ಪ ಈ ನಿಯಮವನ್ನೂ ಶಿರಸಾ ಪಾಲಿಸುತ್ತಿದ್ದ. ಮಗಳು ಒದ್ದ ಚೆಂಡು ಕಂಬ ದಾಟಿದಾಗ ಕೋಲನ್ನು ಮಾತ್ರ ಗಟ್ಟಿಯಾಗಿ ಒತ್ತಿ ಹಿಡಿಯುತ್ತಿದ್ದ.

ಆ ಶನಿವಾರ ಗಾಳಿ ಕೆಟ್ಟದಾಗಿತ್ತು. ನವೆಂಬರಿನ ಚಳಿ ಬೇರೆ. ಮೂರನೇ ಕ್ವಾರ್ಟರಿನಲ್ಲಿ ಅಕ್ಷಯಾ ಒದ್ದ ಹೆಚ್ಚುವರಿ ಪಾಯಿಂಟಿನ ಚೆಂಡು ಬಲಗಂಬಕ್ಕೆ ಟಣ್ಣೆಂದು ಬಡಿದು ಹೊರಗೆ ಹೋಯಿತು. ಅಲ್ಲಿಂದ ಆಟ ಹದಿನಾಲ್ಕು ಹದಿಮೂರರಲ್ಲೇ ನಿಂತುಬಿಟ್ಟಿತು. ಎದುರಾಳಿಗಳು ಒಂದು ಪಾಯಿಂಟ್ ಮುಂದೆ. ಆ ಒಂದು ಪಾಯಿಂಟು ಯಾರ ಕಾಲಿನದು ಎಂದು ಮೈದಾನಕ್ಕೆಲ್ಲ ಗೊತ್ತಿತ್ತು. ಅಕ್ಷಯಾ ಹೆಲ್ಮೆಟ್ ತೆಗೆಯದೆ ಬೆಂಚಿನ ತುದಿಯಲ್ಲಿ ಒಬ್ಬಳೇ ಕೂತಿದ್ದಳು. ಅಡಿವೆಪ್ಪನಿಗೆ ಇಡೀ ಮೈದಾನದ ಅಗಲ ದಾಟಿ ಅವಳ ಬೆನ್ನು ಸವರಬೇಕು ಅನಿಸಿತು. ಕೋಲು ಹಿಡಿದವನಿಗೆ ಅದೂ ಇಲ್ಲ.

ಹನ್ನೊಂದು ಸೆಕೆಂಡು ಉಳಿದಿದ್ದಾಗ ಎದುರಾಳಿಗಳು ತಮ್ಮ ಮೂಲೆಯಿಂದ ಚೆಂಡನ್ನು ಮೇಲಕ್ಕೆ ಒದ್ದರು. ಗಾಳಿ ಬೆನ್ನಿಗಿದ್ದರೂ ಅದು ಕಾಲಿನ ಅಂಚಿಗೆ ತಾಗಿ, ಬರೀ ಎತ್ತರಕ್ಕೆ ಚಿಮ್ಮಿ, ಒದ್ದವನ ಹತ್ತಿರವೇ ಇಳಿಯತೊಡಗಿತು. ಅಕ್ಷಯಾಳ ತಂಡದ ಹುಡುಗನೊಬ್ಬ ಓಡಿ ಬಂದು ಕೈ ಎತ್ತಿ ಬೀಸಿದ, ಎದೆಗೆ ಅವುಚಿ ಹಿಡಿದ. ಮೂವತ್ತೇಳನೇ ಗಜದ ಗೆರೆ. ಗಡಿಯಾರದಲ್ಲಿ ನಾಲ್ಕು ಸೆಕೆಂಡು.

ಆಚೆ ದಂಡೆಯಲ್ಲಿ ಕೋಚ್ ರಿನಾಲ್ಡಿ ಟೈಮ್‌ಔಟ್ ಕೇಳಿದರು. ಜೇಬಿನಿಂದ ಒಂದು ಮಡಿಸಿದ ಕಾಗದ ತೆಗೆದು ರೆಫರಿಯ ಮುಖದ ಮುಂದೆ ಹಿಡಿದರು. ಅಷ್ಟು ದೂರದಿಂದಲೂ ಅಡಿವೆಪ್ಪನಿಗೆ ಅದು ತನ್ನ ಈಮೇಲ್ ಎಂದು ಗೊತ್ತಾಯಿತು. ರೋಮಾಂಚನವಾಯಿತು. ನನ್ನ ರೂಲು! ಹದಿನೆಂಟು ವರ್ಷ ಯಾವ ಮ್ಯಾನೇಜರೂ ಅವನ ಈಮೇಲನ್ನು ಪ್ರಿಂಟ್ ತೆಗೆದು ಜೇಬಿನಲ್ಲಿಟ್ಟುಕೊಂಡಿರಲಿಲ್ಲ. ಮೂರನೇ ನಂಬರಿನ ಜರ್ಸಿ ತೊಟ್ಟ ಅಕ್ಷಯಾ ಬೆಂಚಿನಿಂದ ಎದ್ದು ಮೈದಾನದ ನಡುವಿಗೆ ನಡೆದು ಬಂದಳು. ಕಂಬಗಳು ಗೋಲ್ ಗೆರೆಯಿಂದ ಇನ್ನೂ ಹತ್ತು ಗಜ ಹಿಂದಿರುತ್ತವೆ, ಹಾಗಾಗಿ ಒಟ್ಟು ನಲವತ್ತೇಳು ಗಜ. ಅಷ್ಟು ದೂರ ಅವಳು ಒಮ್ಮೆ ಒದ್ದಿದ್ದಳು, ಪ್ರಾಕ್ಟೀಸಿನಲ್ಲಿ, ಗಾಳಿ ಬೆನ್ನಿಗಿದ್ದಾಗ. ಈಗ ಗಾಳಿ ಮುಖಕ್ಕಿತ್ತು.

ಎದುರಾಳಿಗಳ ಕೋಚ್, ಒಬ್ಬ ದಪ್ಪ ಕತ್ತಿನ ಮನುಷ್ಯ, ಕೆಂಪಾಗಿ ಕೂಗಾಡುತ್ತಿದ್ದ. ಇದೆಂಥ ಆಟ, ಇದೆಲ್ಲಿಯ ರೂಲು? ಈಚೆ ದಂಡೆಯ ರೆಫರಿ, ನರೆತ ಮೀಸೆಯ ವಯಸ್ಸಾದ ವ್ಯಕ್ತಿ, ಅಡಿವೆಪ್ಪನಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ತಾಳ್ಮೆಯಿಂದ ವಿವರಿಸಿದ.

"ಇದು ಕಿಕ್‌ಆಫ್ ಇದ್ದ ಹಾಗೆ, ಕೋಚ್. ಕಂಬಗಳ ನಡುವೆ ಹೋದರೆ ಮೂರು ಪಾಯಿಂಟ್ ಅನ್ನುವುದೊಂದೇ ವ್ಯತ್ಯಾಸ. ನಿಮ್ಮವರು ಹತ್ತು ಗಜ ಹಿಂದೆ. ಚೆಂಡು ಗೋಲ್ ಗೆರೆಗಿಂತ ಮೊದಲೇ ಬಿದ್ದರೆ ಹಿಡಿದು ಓಡಬಹುದು."

"ಒದೆಯುವವನನ್ನು ಮುಟ್ಟಬಹುದೋ?"

"ಚೆಂಡು ನೆಲಕ್ಕೋ ಯಾವನಾದರೂ ಆಟಗಾರನಿಗೋ ತಾಗುವ ತನಕ ಮುಟ್ಟಬಾರದು. ತಾಗಿದ ಮೇಲೆ ಅವನೂ ಎಲ್ಲರಂತೆ ಒಬ್ಬ ಆಟಗಾರ."

"ಅವನಲ್ಲ, ಅವಳು," ಅಂದ ಕೋಚ್. ತಿರುಗಿ ತನ್ನ ಹುಡುಗರಲ್ಲಿ ಎಲ್ಲರಿಗಿಂತ ಭಾರಿಯಾಗಿದ್ದ ಐವತ್ತೆಂಟನೇ ನಂಬರಿನವನ ಭುಜ ಹಿಡಿದ. "ಗಾಳಿ ನೋಡು. ಚೆಂಡು ತಲುಪುವುದಿಲ್ಲ. ನಮ್ಮವನು ಹಿಡಿದು ಗಡಿಯಾರ ಮುಗಿಯುವ ತನಕ ಈ ದಂಡೆಯಲ್ಲೇ ಓಡುತ್ತಾನೆ. ನಿನಗೆ ಒಂದೇ ಕೆಲಸ. ಅವನು ಹಿಡಿದ ತಕ್ಷಣ ಆ ಮೂರನೇ ನಂಬರನ್ನು ದಾರಿಯಿಂದ ತೆಗೆ."

ಕಿಕ್‌ಆಫ್ ಇದ್ದ ಹಾಗೆ.

ಅಡಿವೆಪ್ಪ ಆ ಮಾತನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಹೇಳಿಕೊಂಡ. ಡಾಕ್ಟರು ಯಾವುದು ಕೂಡದು ಎಂದಿದ್ದರೋ ಅದನ್ನೇ, ಬೇರೆ ಹೆಸರು ಕೊಟ್ಟು, ಎರಡು ಪುಟದ ಈಮೇಲ್ ಬರೆದು, ತಾನೇ ಮಗಳ ಕೊರಳಿಗೆ ಕಟ್ಟಿದ್ದ. ಒದೆಯುವವರನ್ನು ಮುಟ್ಟಕೂಡದು ಎಂಬ ಸಾಲು ಪುಟದ ಕೊನೆಯಲ್ಲಿತ್ತು. ಚೆಂಡು ತಾಗುವ ತನಕ ಎಂಬುದು ಮುಂದಿನ ಪುಟದ ತಲೆಯಲ್ಲಿತ್ತು. ಅದನ್ನೂ ಓದಿದ್ದ, ಆದರೆ ಮರುದಿನ ಓದಿದ್ದ, ಬೇರೆ ಯಾವುದಕ್ಕೋ ಸೇರಿದ್ದೆಂದು ಓದಿದ್ದ. ಅದಕ್ಕೆ ಹಳದಿ ಬಳಿದಿರಲಿಲ್ಲ, ಫೋಟೋ ತೆಗೆದಿರಲಿಲ್ಲ. ಆಫೀಸಿನಲ್ಲಿ ಹೊಸ ಹುಡುಗರಿಗೆ ಅವನು ದಿನಾ ಬೈಯುತ್ತಿದ್ದುದೇ ಈ ತಪ್ಪಿಗೆ. ಎಲ್ಲ ಸರಿಯಾಗಿ ನಡೆದರೆ ಏನಾಗುತ್ತದೆ ಎಂದಷ್ಟೇ ನೋಡಿ ಪಾಸ್ ಅಂತ ಬರೆಯುತ್ತೀರಲ್ಲ, ನಡೆಯದಿದ್ದರೆ ಏನು ಎಂದು ಯಾರು ನೋಡಬೇಕು? ಚೆಂಡು ಕಂಬ ದಾಟಿದರೆ ಏನು ಎಂದು ಅವನು ನೋಡಿದ್ದ. ದಾಟದಿದ್ದರೆ ಏನೆಂದು ನೋಡಿರಲಿಲ್ಲ.

ಐವತ್ತೆಂಟನೇ ನಂಬರಿನ ಹುಡುಗ ಕೈಗವಸು ಬಿಗಿಮಾಡಿಕೊಳ್ಳುತ್ತ ಮೈದಾನಕ್ಕೆ ನಡೆದ. ಅವನ ತೊಡೆಯೊಂದು ಅಕ್ಷಯಾಳ ಸೊಂಟದಷ್ಟಿತ್ತು. ಕೆಟ್ಟವನೇನೂ ಅಲ್ಲ, ಹದಿನೇಳು ವರ್ಷದ ಹುಡುಗ, ಹೇಳಿದ ಕೆಲಸ ಮಾಡುತ್ತಾನೆ. ಆ ಮುಖದಲ್ಲಿ ಸಿಟ್ಟು ಇಲ್ಲದಿದ್ದುದನ್ನು ಕಂಡು ಅಡಿವೆಪ್ಪನಿಗೆ ಇನ್ನೂ ಹೆಚ್ಚು ಹೆದರಿಕೆಯಾಯಿತು.

ಕೋಲು ಕೈಯಿಂದ ಜಾರಿ ಹುಲ್ಲಿನ ಮೇಲೆ ಬಿತ್ತು. ಅವನು ಬಿಳಿ ಗೆರೆ ದಾಟಿ ಮೈದಾನದೊಳಕ್ಕೆ ನಾಲ್ಕು ಹೆಜ್ಜೆ ಹೋಗಿಬಿಟ್ಟಿದ್ದ.

"ಸರ್! ಗೆರೆಯ ಹಿಂದೆ ಬನ್ನಿ," ಅಂದ ನರೆತ ಮೀಸೆಯ ರೆಫರಿ.

"ಅವಳು ನನ್ನ ಮಗಳು," ಅಂದ ಅಡಿವೆಪ್ಪ. ಇಂಗ್ಲಿಷು ತೊದಲುತ್ತಿತ್ತು. "ಅವಳಿಗೆ ಒಂದೇ ಕಿಡ್ನಿ. ಒಂದೇ."

ರೆಫರಿ ಅವನ ಮುಖ ನೋಡಿದ. ಬಾಯಿಗೆ ಕಚ್ಚಿದ್ದ ಸೀಟಿ ತೆಗೆದ. "ನಿಲ್ಲಿಸಬೇಕೋ? ನೀವು ತಂದೆ. ಒಂದು ಮಾತು ಹೇಳಿ, ಆಟ ತಡೆದು ಅವಳ ಕೋಚನ್ನು ಕರೆಯುತ್ತೇನೆ."

ನಿಲ್ಲಿಸಿ ಎಂದರೆ ಸಾಕಿತ್ತು. ಅಡಿವೆಪ್ಪ ಬಾಯಿ ತೆರೆದ. ಅಷ್ಟರಲ್ಲಿ ಮೈದಾನದ ನಡುವೆ, ಚೆಂಡು ನಿಲ್ಲಿಸುವ ಪುಟ್ಟ ಟೀಯನ್ನು ಹುಲ್ಲಿನಲ್ಲಿ ಒತ್ತುತ್ತಿದ್ದ ಅಕ್ಷಯಾ ತಲೆ ಎತ್ತಿದಳು. ಕಿತ್ತಳೆ ಅಂಗಿಯ ಅಪ್ಪ ಬರಬಾರದ ಜಾಗಕ್ಕೆ ಬಂದು ನಿಂತಿದ್ದ. ಅವಳಿಗೆ ಎಲ್ಲ ಅರ್ಥವಾದಂತೆ ಕಂಡಿತು. ಹಲ್ಲಿನ ಗಾರ್ಡನ್ನು ಹೊರಗೆ ತೆಗೆದು ಕೂಗಿದಳು.

"ಅಪ್ಪಾ, ಗೋ ಬ್ಯಾಕ್! ಐ ರೆಡ್ ದ ನೆಕ್ಸ್ಟ್ ಪೇಜ್!"

ಆಮೇಲೆ ಬಲ ಪಕ್ಕೆಯ ಮೇಲಿನ ಕವಚವನ್ನು ಎರಡು ಸಲ ತಟ್ಟಿ ತೋರಿಸಿದಳು.

ಅವಳಿಗೆ ಗೊತ್ತಿತ್ತು. ಚೆಂಡು ತಾಗಿದ ಮೇಲೆ ತನ್ನನ್ನು ಯಾರು ಬೇಕಾದರೂ ಕೆಡವಬಹುದು ಎಂದು ಗೊತ್ತಿದ್ದೂ ಅವಳು ಅಲ್ಲಿ ನಿಂತಿದ್ದಳು. ಅಡಿವೆಪ್ಪನ ಕಾಲು ತಾನಾಗಿ ಹಿಂದಕ್ಕೆ ಸರಿಯಿತು. ಒಪ್ಪಿಗೆಯೇನಲ್ಲ, ಧೈರ್ಯವಂತೂ ಮೊದಲೇ ಅಲ್ಲ, ನಿಲ್ಲಿಸಿ ಎನ್ನದೆಯೇ ಅವನು ಗೆರೆಯ ಹಿಂದೆ ಬಂದು ಬಿದ್ದ ಕೋಲನ್ನು ಎತ್ತಿಕೊಂಡ. ರೆಫರಿ ಒಂದು ಕ್ಷಣ ಕಾದ, ಇನ್ನೊಂದು ಕ್ಷಣ ಕಾದ, ಆಮೇಲೆ ಸೀಟಿ ಬಾಯಿಗಿಟ್ಟ.

ಅಕ್ಷಯಾ ಎಂಟು ಹೆಜ್ಜೆ ಹಿಂದೆ ನಡೆದು ನಿಂತಳು. ಹುಡುಗನೊಬ್ಬ ಮಂಡಿಯೂರಿ ಚೆಂಡಿನ ತುದಿಗೆ ಬೆರಳಿಟ್ಟು ಹಿಡಿದ. ಹತ್ತು ಗಜ ಆಚೆ ಎದುರಾಳಿಗಳ ಸಾಲು. ಐವತ್ತೆಂಟು ಸರಿಯಾಗಿ ನಡುವೆ, ಅವಳ ಎದುರಿಗೇ. ಮೈದಾನ ಎಷ್ಟು ಮೌನವಾಯಿತೆಂದರೆ ಧ್ವಜದ ಹಗ್ಗ ಕಬ್ಬಿಣದ ಕಂಬಕ್ಕೆ ಬಡಿಯುವುದು ಕೇಳಿಸಿತು.

ಓಡಿ ಬಂದು ಒದ್ದಳು. ಕಾಲು ಚೆಂಡಿಗೆ ತಾಗಿದ ಸದ್ದಿನಲ್ಲೇ ಅಡಿವೆಪ್ಪನಿಗೆ ಗೊತ್ತಾಯಿತು, ಎರಡು ವರ್ಷ ಕೇಳಿ ಪಳಗಿದ ಕಿವಿ. ಚೆಂಡು ನೇರವಾಗಿಯೇ ಹೋಯಿತು, ಕಂಬಗಳ ನಟ್ಟನಡುವಿಗೇ ಹೊರಟಿತು, ಆದರೆ ಎತ್ತರ ಸಾಲಲಿಲ್ಲ. ಗಾಳಿ ಅದನ್ನು ಎದೆಗೆ ಕೈ ಕೊಟ್ಟು ತಡೆಯಿತು. ಇನ್ನೆರಡು ಗಜ ಹೋಗಿ ಗೋಲ್ ಗೆರೆ ದಾಟಿದ್ದರೆ ಆಟ ಅಲ್ಲಿಗೇ ಸತ್ತು ಎಲ್ಲರೂ ಮನೆಗೆ ಹೋಗುತ್ತಿದ್ದರು. ಎರಡು ಗಜ ಈಚೆಗೆ ಅದು ಎದುರಾಳಿ ಹುಡುಗನೊಬ್ಬನ ಕೈಗೆ ಇಳಿಯಿತು. ಅವನು ಅವುಚಿಕೊಂಡು ಓಟ ಕಿತ್ತ. ಹೇಳಿದ್ದಂತೆ ಇದೇ ದಂಡೆಯಲ್ಲಿ.

ಓಡಿ ಬರುವವನನ್ನು ಅಡಿವೆಪ್ಪ ನೋಡಲೇ ಇಲ್ಲ. ಅವನು ನೋಡಿದ್ದು ಐವತ್ತೆಂಟನ್ನು. ಆ ಹುಡುಗ ತಲೆ ತಗ್ಗಿಸಿ, ಭುಜ ಮುಂದೆ ಮಾಡಿ, ಅಕ್ಷಯಾಳ ಕಡೆ ನುಗ್ಗಿದ.

"ಓಡವ್ವಾ! ಓಡು!" ಅಂತ ಅಡಿವೆಪ್ಪ ಕಿರುಚಿದ. ಚೈನ್ ಕ್ರೂನ ನಿಯಮ ಗಾಳಿಗೆ ಹೋಯಿತು.

ಅಕ್ಷಯಾ ಓಡಲಿಲ್ಲ. ನಿಂತಲ್ಲೇ ಕುಸಿದಳು. ಬಲ ಪಕ್ಕೆಯನ್ನು ನೆಲಕ್ಕೆ ಹಾಕಿ, ಮಂಡಿಗಳನ್ನು ಹೊಟ್ಟೆಗೆ ಎಳೆದುಕೊಂಡು, ಎರಡೂ ಕೈ ತಲೆಯ ಸುತ್ತ ಕಟ್ಟಿ ಮುದುಡಿ ಬಿದ್ದುಕೊಂಡಳು. ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಯಿತು. ನಿಂತ ಹುಡುಗಿಯನ್ನು ಗುದ್ದಲು ಬಂದವನಿಗೆ ಅಲ್ಲಿ ಗುದ್ದಲು ಯಾರೂ ಇರಲಿಲ್ಲ. ತಡೆದುಕೊಳ್ಳಲಾಗದೆ ಹಾರಿದ. ಒಂದು ಕಾಲು ದಾಟಿತು, ಇನ್ನೊಂದು ಅವಳ ಬೆನ್ನಿನ ಕವಚಕ್ಕೆ ಬಡಿದು ಅವನು ಆಚೆಗೆ ಮುಗ್ಗರಿಸಿದ.

ದೂರದಲ್ಲಿ ಯಾರೋ ಓಡುವವನನ್ನು ಕೆಡವಿದರು. ಸೀಟಿ ಊದಿತು. ಎದುರಾಳಿಗಳ ಬೆಂಚು ಎದ್ದು ಕುಣಿಯಿತು. ಆಟ ಮುಗಿದಿತ್ತು, ಹದಿನಾಲ್ಕು ಹದಿಮೂರು.

ಅಕ್ಷಯಾ ಏಳಲಿಲ್ಲ.

ಅಡಿವೆಪ್ಪ ಓಡಿದ. ನಲವತ್ತೊಂಬತ್ತು ವರ್ಷದ, ಕೂತು ಕೆಲಸ ಮಾಡುವ ದೇಹ ಮೈದಾನದ ಅರ್ಧ ಅಗಲವನ್ನು ಹೇಗೆ ದಾಟಿತೋ ಅದಕ್ಕೇ ಗೊತ್ತಿಲ್ಲ. ದಾರಿಯುದ್ದಕ್ಕೂ ಒಂದೇ ಯೋಚನೆ, ಕೊಳವೆಯಲ್ಲಿ ಹೊರಗೆ ಹೋಗಿ ಒಳಗೆ ಬರುವ ರಕ್ತದ್ದು. ಅವನು ಮುಟ್ಟುವ ಹೊತ್ತಿಗೆ ಅಕ್ಷಯಾ ಕಣ್ಣು ಬಿಟ್ಟಿದ್ದಳು. ಪೆಟ್ಟು ನೋಡಿಕೊಳ್ಳುವ ತಂಡದ ಟ್ರೇನರ್ ಅವಳ ಬೆನ್ನು, ಹೊಟ್ಟೆ ಒತ್ತಿ ಒತ್ತಿ ಕೇಳುತ್ತಿದ್ದಳು. ಪಕ್ಕದಲ್ಲಿ ಐವತ್ತೆಂಟನೇ ನಂಬರಿನ ಹುಡುಗ ಹೆಲ್ಮೆಟ್ ಕೈಯಲ್ಲಿ ಹಿಡಿದು, "ಅವಳು ಅರಾಮಿದ್ದಾಳಾ? ನಾನು ನಿಲ್ಲಬೇಕೆಂದಿದ್ದೆ, ಆಗಲಿಲ್ಲ" ಎಂದು ಅಳುವ ದನಿಯಲ್ಲಿ ಹೇಳುತ್ತಿದ್ದ.

"ಐ ಮಿಸ್ಡ್ ಇಟ್, ಅಪ್ಪಾ," ಅಂದಳು ಅಕ್ಷಯಾ. ಅವಳ ಕಣ್ಣಲ್ಲಿ ನೀರಿತ್ತು, ನೋವಿನದಲ್ಲ.

ಅಡಿವೆಪ್ಪ ಉತ್ತರ ಕೊಡುವ ಮೊದಲೇ ಹಿಂದಿನಿಂದ, ಡಾಕ್ಟರ ಕಾಗದ, ಟೆಸ್ಟಿನ ಪಟ್ಟಿಗಳಿದ್ದ ಆ ಹಳದಿ ಫೈಲು ಹಿಡಿದ ಕೈಯೊಂದು ಬಂತು. ಗಿರಿಜಾ. ಗಂಡನ ಕೂಗು ಕಿಟಕಿಯ ಸಂದಿಯಿಂದ ಕೇಳಿತೋ ಏನೋ, ಪಾರ್ಕಿಂಗ್ ಲಾಟಿನಿಂದ ಇಲ್ಲಿಯವರೆಗೆ ಅವಳು ಯಾವಾಗ ಓಡಿದಳೋ, ಉಸಿರು ಮಾತ್ರ ಸ್ವಲ್ಪ ಏರಿತ್ತು. ಟ್ರೇನರ್ ಜೊತೆ ಎರಡು ಮಾತಾಡಿದಳು, ಮಗಳ ತೋಳಿನ ಕೆಳಗೆ ಕೈ ಕೊಟ್ಟು ಎಬ್ಬಿಸಿದಳು, ತಿಂಡಿ ಮಾರುವ ಶೆಡ್ಡಿನ ಹಿಂದಿದ್ದ ಹೆಂಗಸರ ಶೌಚಾಲಯಕ್ಕೆ ನಡೆಸಿಕೊಂಡು ಹೋದಳು. ಗಂಡನಿಗೆ ಹೋಗುತ್ತ ಹೋಗುತ್ತ ಹೇಳಿದಳು. "ಉಚ್ಚೀ ಟೆಸ್ಟ್ ಮಾಡ್ತೀನಿ. ಪಟ್ಟಿ ಹಳದಿ ಉಳಿದ್ರ ಮನೀಗೆ. ಹಸಿರಾತಂದ್ರ ರಕ್ತ ಐತಿ ಅಂತ, ದವಾಖಾನಿಗೆ. ನೀವ್ ಹೊರಗ ನಿಂದರ್ರಿ."

ಒಂದು ನಿಮಿಷ ಕಾಯಬೇಕಂತೆ ಆ ಪಟ್ಟಿಗೆ. ಬಾಗಿಲ ಹೊರಗೆ ಗೋಡೆಗೆ ಒರಗಿ ನಿಂತ ಅಡಿವೆಪ್ಪ ಒಂದರಿಂದ ಅರವತ್ತು ಎಣಿಸತೊಡಗಿದ. ಜನ ಬ್ಲಾಂಕೆಟ್ಟು, ಫ್ಲಾಸ್ಕು ಹೊತ್ತು ನಗುತ್ತ ಮಾತಾಡುತ್ತ ಹೋಗುತ್ತಿದ್ದರು. ಒಬ್ಬರು ಅವನ ಭುಜ ತಟ್ಟಿ, ಆ ರೂಲು ನೀವೇ ಹುಡುಕಿದ್ದಂತೆ, ಭಲೇ ಅಂದರು. ಅವನು ಮುಖ ತಿರುಗಿಸಿ ಬಾಗಿಲನ್ನೇ ನೋಡಿದ.

ಬಾಗಿಲು ತೆರೆಯಿತು. ಗಿರಿಜಾ ಟಿಶ್ಯೂದಲ್ಲಿ ಹಿಡಿದ ಪಟ್ಟಿಯನ್ನು ಅವನ ಮುಖದ ಹತ್ತಿರ ತಂದಳು. ಹಳದಿ.

"ಸಂಜೀಕೊಮ್ಮೆ, ನಾಳೆ ಮುಂಜಾನೆಗೊಮ್ಮೆ ನೋಡ್ಬೇಕು. ಈಗಂತೂ ಏನಿಲ್ಲ."

ಅಡಿವೆಪ್ಪ ಅಲ್ಲೇ ಕಟ್ಟೆಯ ಮೇಲೆ ಕುಕ್ಕರಿಸಿದ. ಅಳು ಬಂತು, ತಡೆಯಲಿಲ್ಲ. "ನಂದ ತಪ್ಪು ಗಿರಿಜಾ. ಮುಂದಿನ ಪುಟ ಐತಿ. ನಾ ಅದನ್ನ ಲಕ್ಷ್ಯ ಕೊಟ್ಟು ನೋಡೇ ಇಲ್ಲ. ಚೆಂಡು ತಾಗಿದ ಮ್ಯಾಲೆ ಯಾರಾರ ಆಕೀನ..."

"ಗೊತ್ತೈತಿ."

"ಏನ್ ಗೊತ್ತೈತಿ?"

"ನೀವ್ ಫೋಟೋ ಕಳಿಸಿದ ದಿನಾನ ಪುಸ್ತಕ ತಗೊಂಡು ಪುಟ ತಿರುವಿ ನೋಡಿದ್ನಿ," ಅಂದಳು ಗಿರಿಜಾ ಪಕ್ಕದಲ್ಲಿ ಕೂರುತ್ತ. "ಎರಡು ವರ್ಷದಿಂದ ಬೇಸ್‌ಮೆಂಟ್‌ನ್ಯಾಗ ಏನ್ ಮಾಡಾಕತ್ತಿದ್ವಿ ಅಂತ ತಿಳಿದೀರಿ? ಬೀಳೂದು ಕಲಿಸಾಕತ್ತಿದ್ನಿ. ಹಾಸಿಗಿ ಹಾಕಿ, ನಾ ದಬ್ಬೂದು, ಆಕಿ ಮುದುಡಿ ಬೀಳೂದು. ನಿಮ್ಮ ಈಮೇಲ್ ಹೋತಲ್ಲ, ಮರುದಿನ ಕೋಚ್ ನಂಗ ಫೋನ್ ಮಾಡಿದ್ದ. ಇದು ಕಿಕ್‌ಆಫ್ ಇದ್ದಂಗ ಐತಲ್ಲಮ್ಮ, ಏನ್ ಮಾಡೂದು ಅಂದ. ಡಾಕ್ಟರನ್ನ ಕೇಳಿದ್ನಿ. ಅವರು ಬ್ಯಾಡ ಅನ್ನಲಿಲ್ಲ, ಹೂಂ ಅಂತನೂ ಅನ್ನಲಿಲ್ಲ. ಕಡೀಕ ನಾನ ಹೂಂ ಅಂದ್ನಿ. ಒದ್ದ ಮ್ಯಾಲೆ ಚೆಂಡು ಕಂಬ ಮುಟ್ಟಂಗಿಲ್ಲ ಅನ್ನಿಸಿದ್ರ ನಿಂತಲ್ಲೇ ಬೀಳ್ಬೇಕು, ಅಷ್ಟ ಶರ್ತ."

ಅಡಿವೆಪ್ಪ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. "ಯಾಕ ಹೂಂ ಅಂದಿ?"

"ನಮ್ಮ ಕುರ್ಚಿಯೊಳಗ ಬಂದು ಕುಂದ್ರತಾರಲ್ಲ, ನಾಲ್ಕ್ ತಾಸು ಏನ್ ಮಾತಾಡ್ತಾರ ಗೊತ್ತೇನು? ಒಬ್ಬಾತ ತಾನು ಈಸು ಬೀಳ್ತಿದ್ದ ಕೆರಿ ಸುದ್ದಿ ಹೇಳ್ತಾನ. ಒಬ್ಬಾಕಿ ಕುಣೀತಿದ್ದ ಸುದ್ದಿ. ಮಾಡಬಾರದಿತ್ತು ಅಂತ ಒಬ್ಬರೂ ಅನ್ನಂಗಿಲ್ಲ." ಗಿರಿಜಾ ಪಟ್ಟಿಯನ್ನು ಟಿಶ್ಯೂದಲ್ಲಿ ಮಡಚಿ ಕಸದ ಡಬ್ಬಿಗೆ ಹಾಕಿದಳು. "ನಿಮಗ ಹೇಳಿದ್ರ ನೀವ್ ರಾತ್ರಿ ಮಕ್ಕೋತಿದ್ದಿಲ್ಲ. ಮನ್ಯಾಗ ಒಬ್ಬರಾದ್ರೂ ನಿದ್ದಿ ಮಾಡ್ಲಿ ಅಂತ ಬಿಟ್ನಿ."

ಅಕ್ಷಯಾ ಮುಖ ತೊಳೆದುಕೊಂಡು ಹೊರಗೆ ಬಂದಳು. ಲಾಕರಿನಿಂದ ಬ್ಯಾಗು ತರಬೇಕಿತ್ತು. ಗಿರಿಜಾ ಅವಳ ಜೊತೆ ಹೊರಟವಳು ನಿಂತು ಹಿಂತಿರುಗಿ ನೋಡಿದಳು.

"ಮುಂದಿನ ಶನಿವಾರ ಕಾರಿನ್ಯಾಗ ನೀವ್ ಕುಂದರ್ರಿ. ಈಗ ನಿಮಗೂ ಎಲ್ಲಾ ಗೊತ್ತಾತಲ್ಲ. ನಾ ಒಳಗ ಹೋಗ್ತೀನಿ. ಆಕಿ ಒದಿಯೂದು ನಾ ಒಂದ್ ಸಲಾನೂ ನೋಡಿಲ್ಲ."

ಅಡಿವೆಪ್ಪ ಒಬ್ಬನೇ ಪಾರ್ಕಿಂಗ್ ಲಾಟಿಗೆ ಬಂದ. ಕಾರು ಇನ್ನೂ ಗುರುಗುಡುತ್ತಿತ್ತು, ಡ್ರೈವರ್ ಕಡೆಯ ಬಾಗಿಲು ತೆರೆದೇ ಬಿದ್ದಿತ್ತು. ಅವನು ಒಳಗೆ ಕೂತ. ಡ್ಯಾಶ್‌ಬೋರ್ಡಿಗೆ ಸಿಕ್ಕಿಸಿದ್ದ ಅವಳ ಫೋನಿನಲ್ಲಿ ಆಸ್ಪತ್ರೆಗೆ ದಾರಿ ತೆರೆದಿತ್ತು, ಹನ್ನೊಂದು ನಿಮಿಷ. ಹಿಂದಿನ ಸೀಟಿನಲ್ಲಿ ಒಂದು ದಿಂಬು, ಮಡಿಸಿದ ಚಾದರ, ವಾಂತಿಗೆ ಒಂದು ಬಕೆಟ್. ಸ್ಟೀರಿಂಗಿನ ಎರಡು ಕಡೆ ಹೊದಿಕೆ ಕಿತ್ತುಹೋಗಿತ್ತು. ಬಿಸಿಲಿಗೆ ಒಡೆದಿದೆಯೆಂದು ಅವನು ತಿಳಿದುಕೊಂಡಿದ್ದ, ಹೊಸದು ಹಾಕಿಸೋಣವೆಂದು ಬೇಸಿಗೆಯಲ್ಲಿ ಹೇಳಿಯೂ ಇದ್ದ. ಈಗ ಹತ್ತಿರದಿಂದ ನೋಡಿದ. ಉಗುರಿನ ಗುರುತುಗಳು, ಸಾಲು ಸಾಲಾಗಿ, ಒಂದರ ಮೇಲೊಂದು. ಎರಡು ವರ್ಷದ ಶನಿವಾರಗಳು.

ತನ್ನ ಎರಡೂ ಕೈಗಳನ್ನು ಅವುಗಳ ಮೇಲೆ ಇಟ್ಟ. ಗೇಟಿನ ಕಡೆ ನೋಡುತ್ತ, ಎಂಜಿನ್ ಆರಿಸದೆ, ಅವರಿಬ್ಬರೂ ಬರುವ ತನಕ ಹಾಗೆಯೇ ಕೂತಿದ್ದ.